ಕೋದಂಡಪ್ಪನ ಆಲಿಬೈ

ಕೋರಮಂಡಲ್ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ಹತ್ತಿ ಕಿಟಕಿ ಪಕ್ಕ ಕೂತಾದ ಮೇಲೂ ಕೋದಂಡಪ್ಪನಿಗೆ ತೊಡೆಯ ಮೇಲಿದ್ದ ಗಂಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಂಟಿನೊಳಗೆ ಚಿನ್ನದ ಗಣಿಯ ಡಂಕನ್ ಶಾಫ್ಟಿನ ಬಿಲ್ಲೆ ರಿಜಿಸ್ಟರು, ಗಣಿಗೆ ಇಳಿದವರ ಲೆಕ್ಕದ ಪುಸ್ತಕ. ಧೂಳು ಹಿಡಿಯಬಾರದೆಂದು ಹೆಂಡತಿ ಮುನಿರತ್ನಮ್ಮ ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಿದ್ದಳು. ಎದುರಿಗೆ ಕೂತ ಮುದುಕಿ ಅದನ್ನೇ ನೋಡಿ ನೋಡಿ, ‘ಏನಪ್ಪಾ ಅದು, ಮಗೀನ ಮಲಗಿಸ್ಕಂಡಂಗೆ ಇಟ್ಕಂಡಿದ್ದೀಯ?’ ಅಂದಳು. ‘ಕೋರ್ಟಿಗೆ ಒಯ್ಯೋದಮ್ಮ’ ಅಂದ. ಕೋರ್ಟು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಮುದುಕಿ ಕಾಲು ಹಿಂದಕ್ಕೆಳೆದುಕೊಂಡು ಎಲೆಯಡಿಕೆ ಚೀಲವನ್ನು ಸೆರಗಿನೊಳಗೆ ಸೇರಿಸಿಕೊಂಡಳು. ತಾನು ಕಳ್ಳನಲ್ಲ, ಸಾಕ್ಷಿ, ಅದೂ ಅಂತಿಂಥ ಸಾಕ್ಷಿಯಲ್ಲ, ಆಲಿಬೈ ಸಾಕ್ಷಿ ಎಂದು ಅವಳಿಗೆ ಹೇಳಬೇಕೆನ್ನಿಸಿತು. ಹೇಳಿದರೆ ಮುದುಕಿ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡುತ್ತಿದ್ದಳೋ ಏನೋ. ಆ ಪದ ಕೇಳಿದಾಗಿನಿಂದ, ಅಂದರೆ ಹೋದ ಭಾನುವಾರದಿಂದ, ಕೋದಂಡಪ್ಪನಿಗೂ ಮುದ್ದೆ ಸರಿಯಾಗಿ ಇಳಿದಿರಲಿಲ್ಲ.

ಭಾನುವಾರ ವಕೀಲ ಶ್ರೀರಾಮಪ್ಪನವರ ಮನೆಯ ಜಗಲಿಯಲ್ಲಿ ನಿಂತಾಗಲೇ ಆ ಪದ ಬಂದದ್ದು. ಶ್ರೀರಾಮಪ್ಪನವರು ಕೇಸು ಗೆಲ್ಲುವುದಕ್ಕಿಂತ ಪದ ಬಿಡಿಸುವುದರಲ್ಲಿ ಗಟ್ಟಿಗರು. ಕಕ್ಷಿಗಾರ ಜೈಲಿಗೆ ಹೋದರೂ ಒಂದು ಲ್ಯಾಟಿನ್ ಶಬ್ದ ಕಲಿತುಕೊಂಡೇ ಹೋಗಬೇಕು ಅನ್ನುವ ಪೈಕಿ. ‘ನೀವು ನಮ್ಮ ಕಕ್ಷಿಗಾರ ಆರುಮುಗಂನ ಆಲಿಬೈ ಕಣ್ರೀ’ ಅಂದರು. ಕೋದಂಡಪ್ಪ ಬೆಚ್ಚಿಬಿದ್ದ. ಬೈಗುಳವೋ ಬಿರುದೋ ತಿಳಿಯದೆ ಕೈ ಮುಗಿದ. ಅವರು ಒಳಗಿನಿಂದ ಇಟ್ಟಿಗೆ ಗಾತ್ರದ ಡಿಕ್ಷನರಿ ತರಿಸಿ, ಕನ್ನಡಕ ಏರಿಸಿ, ಓದಿ ಹೇಳಿದರು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಬೇರೆ ಕಡೆ’ ಅಂತ ಅರ್ಥ, ಅಷ್ಟೆ. ಇನ್ನೊಂದು ಅನ್ನೋ ಮಾತು, ಅಲ್ಲಿ ಅನ್ನೋ ಮಾತು, ಎರಡೂ ಸೇರಿ ಆದದ್ದು. ‘ರೋಮಿನಲ್ಲಿ ಮನೆ ಬಾಗಿಲಿಗೆ ಹೋಗಿ ಎಜಮಾನ್ರು ಎಲ್ಲವ್ವಾ ಅಂದ್ರೆ, ಒಳಗಿಂದ ಹೆಂಗಸು ಆಲಿಬೈ ಅಂತಿದ್ಲು ಅಂತ ಇಟ್ಕೊಳ್ಳಿ, ಎಲ್ಲೋ ಬೇರೆ ಕಡೆ ಹೋಗವ್ರೆ ಅಂತ. ಅಷ್ಟು ಬಡ ಮಾತು ಅದು. ಇಂಗ್ಲಿಷ್ ವಕೀಲರು ಅದನ್ನ ಕೋರ್ಟಿಗೆ ಕರ್ಕೊಂಡ್ಬಂದು ಕರೀ ಕೋಟು ತೊಡಿಸಿದ್ರು. ಮೊದಮೊದಲು ಆಸಾಮಿ ಆಲಿಬೈ ಇದ್ದ ಅಂತಿದ್ರು. ಬರ್ತಾ ಬರ್ತಾ ಆಸಾಮಿ ಹತ್ರ ಆಲಿಬೈ ಇದೆ ಅನ್ನೋಕೆ ಶುರು ಮಾಡಿದ್ರು, ಜೇಬಲ್ಲಿ ಬೀಡಿ ಕಟ್ಟು ಇದ್ದಂಗೆ.’ ಕೋದಂಡಪ್ಪ ತಲೆದೂಗಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು, ‘ಬೇರೆ ಕಡೆ ಅಂದ್ರೆ, ಎಲ್ಲಿ ಅಂತ ಹೇಳಬೇಕಾ ಸ್ವಾಮಿ?’ ಎಂದು ಕೇಳಿದ. ‘ಅದೇ ನೋಡಿ ಆ ಪದದ ಚಂದ! ಅದಕ್ಕೆ ಅದೆಲ್ಲ ಬೇಕಿಲ್ಲ. ತಪ್ಪು ನಡೆದ ಜಾಗದಲ್ಲಿ ಇರಲಿಲ್ಲ ಅಂದ್ರೆ ಸಾಕು’ ಎಂದು ಶ್ರೀರಾಮಪ್ಪನವರು ಡಿಕ್ಷನರಿ ಮುಚ್ಚಿ ಮಜ್ಜಿಗೆ ತರಿಸಿದರು. ಕೋದಂಡಪ್ಪ ಲೋಟವನ್ನು ಹಾಗೇ ಜಗಲಿಯ ಮೇಲಿಟ್ಟು ಹೊರಟ.

ಹೊರಡದೆ ಏನು ಮಾಡಿಯಾನು? ತಪ್ಪು ನಡೆದ ಜಾಗದಲ್ಲಿ ಇದ್ದವನೇ ಅವನು. ಬಂಗಾರಪೇಟೆ ಸಂತೆಯ ಹಿಂದಿನ ಹೊಂಗೆಮರದ ನೆರಳಲ್ಲಿ, ನಾಲ್ಕು ತಿಂಗಳ ಹಿಂದೆ ಒಂದು ಸಂತೆಯ ಮಂಗಳವಾರ, ಪ್ರತಿ ವಾರದಂತೆ ಉಂಡು ಬಲಮಗ್ಗುಲಾಗಿ ಮಲಗಿದ್ದ ಜಯರಾಮಪ್ಪನ ಮೀಸೆಯನ್ನು ಕಚಕ್ಕನೆ ಕತ್ತರಿಸಿದ ಮಹಾಪುರುಷ ಸಾಕ್ಷಾತ್ ಈ ಕೋದಂಡಪ್ಪನೇ. ಎಡಗಡೆಯದನ್ನು ಮಾತ್ರ. ಬಲಗಡೆಯದು ತಲೆಗಿಟ್ಟುಕೊಂಡ ಗಂಟಿನಲ್ಲಿ ಹುದುಗಿತ್ತು, ‘ಸ್ವಲ್ಪ ಹೊರಳಿ ಸ್ವಾಮಿ’ ಅನ್ನಲಾಗುತ್ತದೆಯೇ? ಜಯರಾಮಪ್ಪನೆಂದರೆ ಕೋದಂಡಪ್ಪನ ಊರಿನ ದೊಡ್ಡ ಕುಳ. ನೀರಾವರಿ ಜಮೀನು, ಎರಡು ಜೊತೆ ಎತ್ತು, ಮೂರನೆಯದು ಆ ಮೀಸೆ. ಕೋದಂಡಪ್ಪನ ತಂಗಿಯ ಮದುವೆಯ ಊಟದಲ್ಲಿ, ಪಂಕ್ತಿಯಲ್ಲಿ ಇನ್ನೂರು ಜನ ಕೂತಿರುವಾಗ, ಜಯರಾಮಪ್ಪ ಪಾಯಸ ಹೀರಿ, ಬಗ್ಗಿ ಬಡಿಸುತ್ತಿದ್ದ ಕೋದಂಡಪ್ಪನ ಹೆಗಲ ಮೇಲಿನ ಹೊಸ ಟವಲನ್ನು ಎಳೆದುಕೊಂಡು ಮೀಸೆ ಒರೆಸಿಕೊಂಡ. ಒರೆಸಿಕೊಂಡು ಸುಮ್ಮನಿದ್ದನೇ? ‘ಬಿಲ್ಲೆ ಕೋದಂಡ ಗಣಿ ಗಣಿ ಅಂತಾನೆ, ಇಪ್ಪತ್ತು ವರ್ಷದಿಂದ ಒಂದು ಗೇಣು ಕೆಳಕ್ಕಿಳಿದಿಲ್ಲ ಕಣ್ರೋ, ಬಾವಿ ಕಟ್ಟೇಲಿ ಕೂತ್ಕಂಡು ನೀರು ತಣ್ಣಗೈತೆ ಅಂತಾನೆ’ ಅಂದ. ಇನ್ನೂರು ಜನ ನಕ್ಕರು. ನಕ್ಕವರಲ್ಲಿ ಮದುಮಗನೂ ಇದ್ದ. ಮಾತು ನಿಜವೇ ಆಗಿತ್ತು, ಅದಕ್ಕೇ ಉರಿ. ಟವಲಿಗೆ ಹತ್ತಿದ ಪಾಯಸದ ಕಲೆ ಎರಡು ಒಗೆತಕ್ಕೆ ಹೋಯಿತು.

ಡಂಕನ್ ಶಾಫ್ಟಿನ ಬಿಲ್ಲೆ ಕೋಣೆಗೆ ಎದೆಯೆತ್ತರದಲ್ಲಿ ಒಂದು ಕಿಂಡಿ, ಬೆಕ್ಕು ನುಗ್ಗುವಷ್ಟು. ಬೆಳಿಗ್ಗೆ ಆರಕ್ಕೆ ಅದರಲ್ಲಿ ಕೈಗಳು ಬರುತ್ತವೆ. ಮುಖ ಕಾಣುವುದಿಲ್ಲ. ಕೈ ನಂಬರು ಹೇಳುತ್ತದೆ, ಕೋದಂಡಪ್ಪ ಗೋಡೆಯ ಕೊಕ್ಕೆಯಿಂದ ಆ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದು ಕೊಡುತ್ತಾನೆ, ಕೈ ಹೋಗುತ್ತದೆ. ಕೊಕ್ಕೆ ಖಾಲಿಯಿದ್ದರೆ ಆ ಮನುಷ್ಯ ಭೂಮಿಯ ಒಳಗಿದ್ದಾನೆ ಎಂದು ಅರ್ಥ. ಎರಡಕ್ಕೆ ಪಾಳಿ ಮುಗಿದು ಬಿಲ್ಲೆ ವಾಪಸು ಬಂದರೆ ಹೊರಗೆ ಬಂದ ಹಾಗೆ. ನಡುವೆ ಯಾರಾದರೂ ಬೇಗ ಮೇಲೆ ಬಂದರೆ ಅವರೂ ಕಿಂಡಿಯಲ್ಲೇ ಬಿಲ್ಲೆ ಕೊಟ್ಟು ಹೋಗಬೇಕು. ಆದ್ದರಿಂದ ಗುಮಾಸ್ತ ಕೋಣೆ ಬಿಟ್ಟು ಕದಲುವ ಹಾಗಿಲ್ಲ, ಗಂಟೆಗೊಂದು ಸಹಿ ಹಾಕಬೇಕು. ಏಕೆಂದರೆ ಏರ್ ಬ್ಲಾಸ್ಟಾಗಿ, ಆಳದಲ್ಲಿ ಬಂಡೆ ಸಿಡಿದು, ನೆಲ ಗುಡುಗಿದ ದಿನ, ಚಾಂಪಿಯನ್ ರೀಫ್ಸಿನಿಂದ ಆಂಡರ್ಸನ್‌ಪೇಟೆಯವರೆಗೆ ಹೆಂಗಸರು ಎದೆ ಬಡಿದುಕೊಂಡು ಓಡಿ ಬಂದಾಗ, ಒಳಗಿರುವವರು ಯಾರು ಯಾರು ಎಂದು ಹೇಳಬೇಕಾದವನು ಅವನೊಬ್ಬನೇ. ಇದೆಲ್ಲ ಗೊತ್ತಿದ್ದೂ, ಆ ಮಂಗಳವಾರ ನಾನೂರ ಹನ್ನೆರಡು ಬಿಲ್ಲೆ ಹಂಚಿ ಮುಗಿಸಿ, ಕೂತು, ತಂಗಿಯ ಮದುವೆಯ ನಗು ಮತ್ತೆ ಕಿವಿಗೆ ಕೇಳಿ, ಒಂಬತ್ತೂವರೆಯ ರೈಲು ಕೂಗಿದ್ದೇ ತಡ, ಕೋದಂಡಪ್ಪ ಹತ್ತು ಗಂಟೆಯದು, ಹನ್ನೊಂದರದು, ಹನ್ನೆರಡರದು, ಒಂದರದು ನಾಲ್ಕು ಸಹಿಯನ್ನೂ ಒಟ್ಟಿಗೇ ಜಡಿದು, ಆಫೀಸಿನ ಕತ್ತರಿ ಜೇಬಿಗಿಳಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟುಬಿಟ್ಟ. ಹೋಗುವಾಗ ಹುಲಿ. ಬರುವಾಗ ರೈಲಿನಲ್ಲಿ ಇಲಿ. ಕತ್ತರಿಸಿದ ಕೂದಲನ್ನು ಕಿಟಕಿಯಿಂದಾಚೆ ಊದಿದವನಿಗೆ ಒಮ್ಮೆಲೇ ನಾನೂರ ಹನ್ನೆರಡು ಖಾಲಿ ಕೊಕ್ಕೆಗಳು ಕಣ್ಣಮುಂದೆ ಬಂದವು. ತಾಯೀ, ನೆಲ ಅಲ್ಲಾಡಿಸಬೇಡ, ಇನ್ನು ಜೀವಮಾನದಲ್ಲಿ ಯಾರ ಕೂದಲೂ ಮುಟ್ಟುವುದಿಲ್ಲ ಎಂದು ಕಂಡ ಕಂಡ ಗುಡಿಗೆಲ್ಲ ಕೈ ಮುಗಿದ. ಎರಡು ಗಂಟೆಗೆ ಕೈಗಳು ಒಂದೊಂದಾಗಿ ಕಿಂಡಿಗೆ ಬಂದು ಬಿಲ್ಲೆ ಕೊಟ್ಟು ಹೋದವು. ಕೊನೆಯ ಕೊಕ್ಕೆ ತುಂಬಿದಾಗ ಅವನು ಕೂತಲ್ಲೇ ಅತ್ತ.

ಇಷ್ಟಾಗಿ, ಪೊಲೀಸರು ಹಿಡಿದದ್ದು ಆರುಮುಗಂನನ್ನು! ಎತ್ತುಗಳ ವಿಷಯಕ್ಕೆ ಹಿಂದೊಮ್ಮೆ ಸಂತೆಯಲ್ಲಿ ಜಯರಾಮಪ್ಪನ ಜೊತೆ ಜಗಳವಾಡಿದ್ದ ಡ್ರಿಲ್ಲಿಂಗ್ ಆಳು ಅವನು. ಆರಡಿ ದೇಹ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ‘ಅರೆಗಣ್ಣಲ್ಲಿ ನೋಡ್ದೆ, ಅವನೇ’ ಎಂದು ಜಯರಾಮಪ್ಪ ಬರೆಸಿದ್ದ. ಮೊದಲ ಎರಡು ದಿನ ಆರುಮುಗಂ, ‘ಅಯ್ಯೋ ಸಾಮಿ, ನಾನು ಎಂಟು ಸಾವಿರ ಅಡಿ ಕೆಳಗಿದ್ದೆ, ಮುರುಗನ್ ಮೇಲಾಣೆ’ ಎಂದು ಬಾಯಿ ಬಡಿದುಕೊಂಡ. ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ನೋಡುತ್ತಾನೆ, ಆಂಡರ್ಸನ್‌ಪೇಟೆಯಲ್ಲಿ ಕ್ಷೌರದವನು ಕಾಸು ಬೇಡ ಅನ್ನುತ್ತಾನೆ, ಟೀ ಅಂಗಡಿಯವನು ಎದ್ದು ನಿಲ್ಲುತ್ತಾನೆ. ಮೂರನೆಯ ದಿನದಿಂದ ಆಣೆ ಇಡುವುದು ನಿಂತಿತು. ಯಾರಾದರೂ ಕೇಳಿದರೆ ಸುಮ್ಮನೆ ನಗುವುದು ಶುರುವಾಯಿತು. ಆ ನಗುವೇ ಕೋದಂಡಪ್ಪನ ಎದೆಗೆ ಕೊಳ್ಳಿ ಇಟ್ಟದ್ದು. ಬೆಳಿಗ್ಗೆ ಬೆಳಿಗ್ಗೆ ಆ ಉಗುರಿಲ್ಲದ ಹೆಬ್ಬೆರಳು ಕಿಂಡಿಯೊಳಗೆ ಬರುವುದು, ಹಿಂದಿನವರು ‘ಮೀಸೆ ಆರುಮುಗಂ ಅಣ್ಣಂಗೆ ದಾರಿ ಬಿಡ್ರೋ’ ಅನ್ನುವುದು, ಆ ಬಿಲ್ಲೆಯನ್ನು ನಿಜವಾದ ಮೀಸೆ ಕೋದಂಡಪ್ಪ ತೆಗೆದು ಆ ಕೈಗೆ ಕೊಡುವುದು! ನಾಲ್ಕು ತಿಂಗಳು ಅವನನ್ನು ನಿದ್ದೆಗೆಡಿಸಿದ್ದು ಪಶ್ಚಾತ್ತಾಪ ಎಂದು ನೀವು ತಿಳಿದರೆ ನಿಮ್ಮ ಒಳ್ಳೆಯತನ. ಅದು ಹೊಟ್ಟೆಕಿಚ್ಚು, ಶುದ್ಧ ನಾಡ ಹೊಟ್ಟೆಕಿಚ್ಚು. ಅದರ ಮೇಲೆ ಮುನಿರತ್ನಮ್ಮ. ಸೊಪ್ಪು ಸೋಸುತ್ತಾ ಒಂದು ದಿನ, ‘ಗಂಡಸು ಅಂದ್ರೆ ಆ ಆರುಮುಗಂ ನೋಡಿ. ನಿಮ್ಮ ಟವಲಿಗೆ ಮೂತಿ ಒರೆಸ್ದೋನ ಮೂತಿ ಎಂಗೆ ಕೆಡಿಸ್ದ! ನಮ್ಮನೆ ಮರ್ಯಾದೆ ಯಾವನೋ ಬಂದು ಉಳಿಸ್ಬೇಕಾಯ್ತು’ ಅಂದಳು. ನಾನೇ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವಳು ನಕ್ಕುಬಿಡುತ್ತಾಳೆ ಎಂಬ ಭಯಕ್ಕೆ ಅದನ್ನು ಅನ್ನದ ಜೊತೆ ನುಂಗಿಕೊಂಡ.

ಬಂಗಾರಪೇಟೆಯಲ್ಲಿ ಇಳಿದಾಗ ಕೋರ್ಟಿನ ಮುಂದೆ ಆಗಲೇ ಜನ. ಗಣಿಯ ಅರ್ಧ ಪಾಳಿ ರಜೆ ಹಾಕಿ ಬಂದಿತ್ತು. ಜಯರಾಮಪ್ಪ ಬೇವಿನ ಮರದಡಿ ಮುಖಕ್ಕೆ ಹೆಗಲ ಪಂಚೆಯ ತುದಿ ಅಡ್ಡ ಹಿಡಿದು ನಿಂತಿದ್ದ. ಕೇಸು ಮುಗಿಯುವವರೆಗೆ ಬಲಗಡೆಯ ಮೀಸೆ ಬೋಳಿಸುವ ಹಾಗಿಲ್ಲ, ಅದೂ ಸಾಕ್ಷ್ಯ ಎಂದು ಯಾವನೋ ಪುಣ್ಯಾತ್ಮ ಅವನನ್ನು ನಂಬಿಸಿದ್ದ. ಎಡಗಡೆಯದು ನಾಲ್ಕು ತಿಂಗಳಲ್ಲಿ ಬೆಳೆಯಬೇಕಾದಷ್ಟು ಬೆಳೆದು, ಬಲಗಡೆಯ ಅಣ್ಣನ ಪಕ್ಕ ಪುಟ್ಟ ತಮ್ಮನ ಹಾಗೆ ನಿಂತಿತ್ತು. ಕೋದಂಡಪ್ಪನಿಗೆ ನಗು ಬಂತು, ಹಿಂದೆಯೇ ಒಂದು ಬಗೆಯ ಹೆಮ್ಮೆ, ತಾನು ನೆಟ್ಟ ಸಸಿ ನೋಡಿದಂತೆ. ಶ್ರೀರಾಮಪ್ಪನವರು ಬಂದು ಕಿವಿಯಲ್ಲಿ ಹೇಳಿದರು: ‘ಎರಡೇ ಮಾತು. ಆರು ಗಂಟೆಗೆ ಬಿಲ್ಲೆ ಕೊಟ್ಟೆ, ಎರಡು ಗಂಟೆವರೆಗೂ ಕಿಂಡಿ ಬಿಟ್ಟು ಅಲುಗಾಡಲಿಲ್ಲ. ಅವನು ನಡುವೆ ಮೇಲೆ ಬಂದಿದ್ರೆ ನನಗೆ ಗೊತ್ತಾಗ್ತಿತ್ತು. ಅಷ್ಟೇ. ಹೆಚ್ಚು ಮಾತಾಡಿದ್ರೆ ಹುಡುಗ ಆರು ತಿಂಗಳು ಒಳಗೆ.’ ಆರುಮುಗಂ ಪಕ್ಕದಲ್ಲೇ ನಿಂತಿದ್ದ. ಊರಲ್ಲಿ ನಗುತ್ತಿದ್ದ ಮುಖ ಇಲ್ಲಿ ಬಾಡಿತ್ತು. ‘ಸಾರ್, ಕೈ ಬಿಡಬೇಡಿ ಸಾರ್, ಜೈಲಿಗೆ ಓದ್ರೆ ಕೆಲಸ ಓಯ್ತದೆ’ ಎಂದ. ಕೋದಂಡಪ್ಪ ಮೊದಲ ಸಲ ಆ ಕೈಗೆ ಸೇರಿದ ಮುಖವನ್ನು ಹತ್ತಿರದಿಂದ ನೋಡಿದ.

ಕಟಕಟೆಯಲ್ಲಿ ನಿಂತು ದೇವರ ಮೇಲೆ ಪ್ರಮಾಣ ಮಾಡುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ರಿಜಿಸ್ಟರು ಬಿಚ್ಚಿದರು. ಸೀರೆಯ ತುಂಡು ನೋಡಿ ಮ್ಯಾಜಿಸ್ಟ್ರೇಟರು ಹುಬ್ಬೇರಿಸಿದರು. ಮುಖ ನೋಡದೆ ಆರುಮುಗಂಗೇ ಕೊಟ್ಟೆ ಅಂತ ಹೇಗೆ ಹೇಳುತ್ತೀರಿ ಎಂದು ಸರ್ಕಾರಿ ವಕೀಲರು ಕೇಳಿದ್ದಕ್ಕೆ, ‘ಇಪ್ಪತ್ತು ವರ್ಷ ಕೈ ನೋಡಿದ್ದೀನಿ ಸ್ವಾಮಿ. ಎದುರಿಗೆ ಬಂದರೆ ಗುರುತು ಸಿಗಲ್ಲ, ಕೈ ಚಾಚಿದರೆ ಅವರಪ್ಪನ ಹೆಸರೂ ಹೇಳ್ತೀನಿ’ ಅಂದ. ಜನ ನಕ್ಕರು. ಇದು ಮದುವೆಯ ಪಂಕ್ತಿಯ ನಗುವಲ್ಲ, ಮೆಚ್ಚಿದ ನಗು. ಕೋದಂಡಪ್ಪನ ಮೈ ಬೆಚ್ಚಗಾಯಿತು. ಹಾಳಾದ್ದು ಅಲ್ಲೇ ಕೆಟ್ಟದ್ದು. ಇಷ್ಟು ಜನ ಒಟ್ಟಿಗೆ ತನ್ನನ್ನು ಮೆಚ್ಚಿ ನೋಡಿದ್ದು ಹುಟ್ಟಿದಾಗಿನಿಂದ ಇಲ್ಲ. ಒಂದು ಮಾತು, ಒಂದೇ ಮಾತು ಹೇಳಿದರೆ ಇವರೆಲ್ಲ ಎದ್ದು ನಿಲ್ಲುತ್ತಾರೆ. ಆರುಮುಗಂನೂ ಬಚಾವು, ಮೀಸೆಯೂ ತನ್ನದು, ಸಂಜೆ ಮುನಿರತ್ನಮ್ಮ ಬಾಗಿಲಲ್ಲೇ ದೃಷ್ಟಿ ತೆಗೆಯುತ್ತಾಳೆ. ಇಲ್ಲದಿದ್ದರೆ? ಎಲ್ಲಿ ಏನು ನಡೆದರೂ ಬೇರೆ ಕಡೆ ಇದ್ದವನು ಎಂದೇ ಸಾಯಬೇಕು. ಹುಟ್ಟಿದ ಊರಲ್ಲಿದ್ದರೆ ಗಣಿಯವನು, ಗಣಿಯಲ್ಲಿದ್ದರೆ ಮೇಲೆ ಕೂತವನು. ಮೈ ಕಿಂಡಿಯ ಹಿಂದೆ, ಮನಸ್ಸು ಮತ್ತೆಲ್ಲೋ. ಎಲ್ಲೂ ಇಲ್ಲದವನ ಕೈಗೆ ಇಡೀ ಜೀವಮಾನದಲ್ಲಿ ಒಂದು ಮಧ್ಯಾಹ್ನ ಸಿಕ್ಕಿತ್ತು, ಅದರಲ್ಲಿ ಅವನು ಪೂರ್ತಿ ಅಲ್ಲೇ ಇದ್ದ, ಹೊಂಗೆಮರದಡಿ, ಕೈಯಲ್ಲಿ ಕತ್ತರಿ ಹಿಡಿದು. ಅದನ್ನೂ ಕೊಟ್ಟುಬಿಡಬೇಕೇ? ‘ಆರರಿಂದ ಎರಡರವರೆಗೆ ನೀವು ಕೋಣೆ ಬಿಟ್ಟು ಹೋಗಿದ್ದುಂಟೋ?’ ಎಂದು ಸರ್ಕಾರಿ ವಕೀಲರು ಕೇಳುತ್ತಿದ್ದರು.

‘ಹೋಗಿದ್ದೆ ಸ್ವಾಮಿ’ ಅಂದ ಕೋದಂಡಪ್ಪ.

ಶ್ರೀರಾಮಪ್ಪನವರ ಕೈಯಿಂದ ಕಾಗದ ಬಿತ್ತು. ‘ಎಲ್ಲಿಗೆ?’ ಎಂದರು ಸರ್ಕಾರಿ ವಕೀಲರು.

‘ಬಂಗಾರಪೇಟೆಗೆ. ಜಯರಾಮಪ್ಪನವರ ಮೀಸೆ ಕತ್ತರಿಸಿದ್ದು ನಾನೇ.’

ಕೋರ್ಟಿಗೆ ಕೋರ್ಟೇ ನಕ್ಕಿತು. ಜವಾನ ನಕ್ಕ, ಟೈಪಿಸ್ಟು ನಕ್ಕ, ಹೊರಗೆ ಕಿಟಕಿಗೆ ಜೋತುಬಿದ್ದವರು ನಕ್ಕು ಕೆಳಗೆ ಬಿದ್ದರು. ಜಯರಾಮಪ್ಪ ಎಲ್ಲರಿಗಿಂತ ಜೋರಾಗಿ, ‘ಇವನಾ? ಈ ನರಪೇತಲನಾ?’ ಎಂದು ಮುಖದ ಪಂಚೆ ಜಾರಿಸಿಕೊಂಡು ನಕ್ಕ. ಕೋದಂಡಪ್ಪನ ಕಿವಿಯಲ್ಲಿ ಪಾಯಸದ ಪಂಕ್ತಿ ಮತ್ತೆ ಗುಂಯ್‌ಗುಟ್ಟಿತು. ಮ್ಯಾಜಿಸ್ಟ್ರೇಟರು ಮಾತ್ರ ನಗದೆ ರಿಜಿಸ್ಟರನ್ನು ಅವನ ಕಡೆ ತಿರುಗಿಸಿ, ‘ಹತ್ತು, ಹನ್ನೊಂದು, ಹನ್ನೆರಡು, ಒಂದು. ಈ ಸಹಿ ಯಾರದ್ದು?’ ಎಂದರು. ‘ನನ್ನದೇ ಸ್ವಾಮಿ. ಮೊದಲೇ ಹಾಕಿಟ್ಟು ಹೋಗಿದ್ದೆ.’ ‘ಸ್ನೇಹಕ್ಕೆ ಯಾರನ್ನೋ ಬಿಡಿಸೋಕೆ ತಪ್ಪು ಹೊತ್ತುಕೊಳ್ಳೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಕೇಳಿ ಇಲ್ಲಿ. ಹನ್ನೆರಡರ ಸಹಿ ಸುಳ್ಳಾದರೆ ಆರು ಗಂಟೆಯ ಬರಹ ನಂಬೋದು ಹೇಗೆ? ಪುಸ್ತಕ ಪಕ್ಕಕ್ಕಿಡ್ತೀನಿ. ಆಗ ಆರುಮುಗಂ ಕೆಳಗಿದ್ದ ಅನ್ನೋದಕ್ಕೆ ಏನು ಉಳೀತು? ಯೋಚನೆ ಮಾಡಿ ಹೇಳಿ. ಸಹಿ ನಿಜವೋ, ನೀವು ನಿಜವೋ?’

ಕೋದಂಡಪ್ಪ ಆರುಮುಗಂ ಕಡೆ ನೋಡಿದ. ಆ ಆರಡಿ ಆಳು ಎರಡೂ ಕೈಯಲ್ಲಿ ಎದುರಿನ ಕಟಕಟೆಯ ಮರ ಹಿಡಿದು ನಿಂತಿದ್ದ, ಉಗುರಿಲ್ಲದ ಹೆಬ್ಬೆರಳು ಬೆಳ್ಳಗಾಗಿತ್ತು. ಇಪ್ಪತ್ತು ವರ್ಷದಲ್ಲಿ ಎಷ್ಟು ಕೈ ಒಳಗೆ ಹೋಗುವುದನ್ನು ನೋಡಿದ್ದಾನೆ, ಕೆಲವು ವಾಪಸು ಬರಲೇ ಇಲ್ಲ. ಖಾಲಿ ಕೊಕ್ಕೆ ನೋಡಿ ಅಭ್ಯಾಸವಾದವನಿಗೂ ಆ ಕೊಕ್ಕೆಯನ್ನು ತಾನೇ ಖಾಲಿ ಮಾಡುವುದು ಆಗಲಿಲ್ಲ. ‘ಸಹಿ ನಿಜ ಸ್ವಾಮಿ’ ಅಂದ. ‘ನಾನು ಅಲ್ಲೇ ಇದ್ದೆ. ಕಿಂಡಿ ಬಿಟ್ಟು ಅಲುಗಾಡಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತಲೆ ಸುತ್ತಿ ಏನೇನೋ ಅಂದುಬಿಟ್ಟೆ.’ ಮ್ಯಾಜಿಸ್ಟ್ರೇಟರು ಸಾಕ್ಷಿ ಗಾಬರಿಗೊಂಡಿದ್ದ ಎಂದು ಬರೆಸಿ, ಅವನಿಗೆ ಒಂದು ಲೋಟ ನೀರು ಕೊಡಲು ಹೇಳಿದರು. ನೀರು ಕುಡಿದು ಇಳಿದ.

ನಾಲ್ಕು ಗಂಟೆಗೆ ಆರುಮುಗಂ ಬಿಡುಗಡೆಯಾದ. ಕೆಳಗಿದ್ದ ಎಂದು ಕೋರ್ಟೇ ಒಪ್ಪಿತಲ್ಲ, ಇನ್ನಾದರೂ ಜನ ಅವನ ಮೀಸೆಯ ಕಿರೀಟ ಇಳಿಸುತ್ತಾರೆ ಎಂದು ಕೋದಂಡಪ್ಪನಿಗೊಂದು ಕೊನೆಯ ಆಸೆ. ಎಲ್ಲಿಯ ಮಾತು! ‘ಕತ್ತರಿಸಿಯೂ ಗೆದ್ದು ಬಂದ ನೋಡು, ವಕೀಲಪ್ಪನ ಲ್ಯಾಟಿನ್ ಅಂದ್ರೆ ಏನಂದ್ಕಂಡೆ’ ಎಂದು ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದರು. ಶ್ರೀರಾಮಪ್ಪನವರೂ ಹಿಂದೆಯೇ ಹೋದರು. ಆರುಮುಗಂ ಮೇಲಿನಿಂದಲೇ ಬಗ್ಗಿ, ‘ಏನ್ ಸಾರ್, ಸಿಕ್ಕಿದ ಒಂದು ಒಳ್ಳೇ ಹೆಸರು, ಅದನ್ನೂ ಕಿತ್ಕೊಳ್ಳೋಕೆ ನೋಡಿದ್ರಲ್ಲ’ ಎಂದು ಕಣ್ಣು ಹೊಡೆದ. ಕೋದಂಡಪ್ಪ ರಿಜಿಸ್ಟರನ್ನು ಸುತ್ತಿಕೊಂಡು ಒಬ್ಬನೇ ಸ್ಟೇಷನ್ನಿಗೆ ನಡೆದ. ಸಂಜೆ ಮುನಿರತ್ನಮ್ಮ ಎಲ್ಲವನ್ನೂ ಕೇಳಿ ತಿಳಿದಿರುತ್ತಾಳೆ. ಕೋರ್ಟಿನಲ್ಲಿ ನಗೆಪಾಟಲಾದದ್ದು ರೈಲಿಗಿಂತ ಮುಂಚೆ ಮನೆ ತಲುಪಿರುತ್ತದೆ. ಹೊಟ್ಟೆ ನಿಜಕ್ಕೂ ಹಸಿದಿತ್ತು.

ಪ್ಲಾಟ್‌ಫಾರಂನ ತುದಿಯ ಬೆಂಚಿನಲ್ಲಿ ಕೂತವನ ಪಕ್ಕ ಯಾರೋ ಬಂದು ಧೊಪ್ಪನೆ ಕುಳಿತರು. ಜಯರಾಮಪ್ಪ. ಪಂಚೆಯ ತುದಿ ಇನ್ನೂ ಬಾಯಿಗೆ ಅಡ್ಡವಿತ್ತು. ಕೋದಂಡಪ್ಪ ಏಳಹೋದ, ಅವನು ಮೊಣಕೈ ಹಿಡಿದು ಕೂರಿಸಿದ. ಸುತ್ತ ಒಮ್ಮೆ ನೋಡಿದ, ಯಾರೂ ಇರಲಿಲ್ಲ.

‘ನಾನು ಅವತ್ತು ಎಚ್ಚರವಾಗೇ ಇದ್ದೆ ಕಣ್ಲಾ’ ಅಂದ.

ಕೋದಂಡಪ್ಪ ರಿಜಿಸ್ಟರಿನ ಗಂಟನ್ನು ಎದೆಗೆ ಒತ್ತಿಕೊಂಡ.

‘ಕಣ್ಣು ಬಿಟ್ಟೆ, ನಿನ್ನ ಮುಖ. ಕತ್ತರಿ ಎಲ್ಲಿ ಗಂಟಲಿಗೆ ಇಳೀತದೋ ಅಂತ ಮತ್ತೆ ಮುಚ್ಚಿಬಿಟ್ಟೆ. ಇಷ್ಟಿಷ್ಟೇ ಉಸಿರಾಡ್ಕಂಡು ಎಣದಂಗೆ ಬಿದ್ದಿದ್ದೆ. ನೀನು ರೈಲಿಗೆ ಓದ ಮ್ಯಾಲೂ ಅರ್ಧ ಗಂಟೆ ಮಲಗೇ ಇದ್ದೆ.’ ಅವನ ದನಿ ಇಳಿಯಿತು. ‘ಊರಲ್ಲಿ ಯಾರ ಎಸರು ಏಳ್ಲಿ? ಬಿಲ್ಲೆ ಕೋದಂಡ ಮೀಸೆ ತಗದ ಅಂದ್ರೆ ನೀರು ಸೇದೋ ಎಂಗಸರೂ ನಗ್ತಾರೆ. ಆರುಮುಗಂ ಅಂದ್ರೆ, ಓಗ್ಲಿ ಬಿಡು, ಉಲಿಗೆ ಉಲಿ ಪಂಜ ಆಕ್ತು ಅಂತಾರೆ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಬಾರ್ದು ನೋಡು. ಇವತ್ತು ನೀನು ಕೋರ್ಟಲ್ಲಿ ಬಾಯಿ ತಗದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಅಷ್ಟು ಜೋರಾಗಿ ನಕ್ಕಿದ್ದು.’

ದೂರದಲ್ಲಿ ರೈಲು ಕೂಗಿತು. ಜಯರಾಮಪ್ಪ ಪಂಚೆಯನ್ನು ಕೈಬಿಟ್ಟು ಎರಡೂ ಕೈ ಜೋಡಿಸಿದ. ಗಿಡ್ಡ ಮೀಸೆಯೂ ಉದ್ದ ಮೀಸೆಯೂ ಒಟ್ಟಿಗೆ ಅದುರುತ್ತಿದ್ದವು. ‘ಇನ್ನು ಮುಂದೆ ಎಲ್ಲೂ ಬಾಯಿ ಬಿಡಬ್ಯಾಡಪ್ಪ. ನಿಮ್ಮ ದಮ್ಮಯ್ಯ, ಕೋದಂಡಪ್ಪನೋರೇ.’

ಕೋದಂಡಪ್ಪ ಆ ಜೋಡಿಸಿದ ಕೈಗಳನ್ನು ನೋಡಿದ, ಮುಖವನ್ನೂ ನೋಡಿದ. ಕೋಪ ಬರಬೇಕಿತ್ತು, ಬರಲಿಲ್ಲ. ನಾಲ್ಕು ತಿಂಗಳಿಂದ ಯಾರ ಹತ್ತಿರವೂ ಕೇಳಲಾಗದ ಒಂದು ಪ್ರಶ್ನೆ ಮಾತ್ರ ಗಂಟಲಲ್ಲಿ ಉಳಿದಿತ್ತು. ಕೇಳುವಾಗ ನಾಚಿಕೆಯಾಯಿತು, ಆದರೂ ಕೇಳಿದ.

‘ಕೈ ತುಂಬಾ ನಡುಗ್ತಿತ್ತಾ?’

ಜಯರಾಮಪ್ಪ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡ. ನ್ಯಾಯವಾಗಿ ಹೇಳಬೇಕೆಂದು ಸ್ವಲ್ಪ ಹೊತ್ತು ತೆಗೆದುಕೊಂಡ.

‘ಮೊದ್ಲು ನಡುಗ್ತು’ ಅಂದ. ‘ಕೂದಲಿಗೆ ಕತ್ತರಿ ಕೂತ ಮ್ಯಾಲೆ ಇಲ್ಲ. ಸುಳ್ಳು ಯಾಕೆ ಏಳ್ಲಿ.’

ರೈಲು ಬಂದು ನಿಂತಿತು. ಕೋದಂಡಪ್ಪನಿಗೆ ಕಣ್ಣು ತುಂಬಿ ಯಾವ ಡಬ್ಬಿ ಹತ್ತಬೇಕೆಂದು ಕಾಣಲಿಲ್ಲ. ಜಯರಾಮಪ್ಪನೇ ಕೈ ಹಿಡಿದು ಹತ್ತಿಸಿದ.